ಕಾಲ್ಚೆಂಡಿನ ನಾಯಕ ಆಂಡ್ರೂ ವಾಟ್ಸನ್

1881ನೆಯ ಇಸವಿ ಮಾರ್ಚಿ ತಿಂಗಳು 12ನೆಯ ತಾರೀಖು ಶನಿವಾರ, ಲಂಡನ್ ನಗರದ ಕೆನ್ನಿಂಗ್‌ಟನ್ ಓವಲ್ ಎಂಬ ಬಯಲಿನಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಕಾಲ್ಚೆಂಡಿನ ಪಂದ್ಯವೊಂದು ನಡೆಯಿತು. ಸ್ಕಾಟ್ಲೆಂಡಿನವರು ಆರು ಗೋಲುಗಳನ್ನು ಹೊಡೆದರು. ಇಂಗ್ಲೆಂಡಿನವರಿಗೆ ದೊರೆತುದು ಒಂದೇ ಒಂದು. ಅಂದಿನಿಂದ ಇಂದಿನವರೆಗೆ ಇಂಗ್ಲೆಂಡು ತನ್ನ ಸ್ವಂತ ನೆಲದಲ್ಲಿ ಅದಕ್ಕಿಂತ ದೊಡ್ಡ ಸೋಲನ್ನು ಕಂಡಿಲ್ಲ. ಮರುದಿನವೇ ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನು ಬಾಂಬಿಗೆ ಬಲಿಯಾದ ಕಾರಣ ಲೋಕದ ಕಣ್ಣೆಲ್ಲ ಅತ್ತ ತಿರುಗಿತು. ಚೆಂಡಾಟದ ಸುದ್ದಿ ಚೆಂಡಾಟದವರಲ್ಲಿಯೇ ಉಳಿಯಿತು. ಗೆದ್ದ ತಂಡದ ನಾಯಕನ ಹೆಸರು ಆಂಡ್ರೂ ವಾಟ್ಸನ್. ವಯಸ್ಸು ಇಪ್ಪತ್ತನಾಲ್ಕು. ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಬ್ಯಾಕಿನ ಸ್ಥಾನ ಆತನದು. ಹುಟ್ಟಿದುದು ದಕ್ಷಿಣ ಅಮೆರಿಕದ ಕರಾವಳಿಯಲ್ಲಿ. ತಾಯಿ ಅಲ್ಲಿಯ ಕರಿಯ ಹೆಂಗಸು. ಇಂಗ್ಲೆಂಡಿನ ಮುಖ್ಯ ತಂಡದಲ್ಲಿ ಕರಿಯ ಆಟಗಾರನೊಬ್ಬನು ಮೊದಲು ಆಡಿದುದು 1978ರಲ್ಲಿ, ಅಂಥವನೊಬ್ಬನು ನಾಯಕನಾದುದು 1993ರಲ್ಲಿ. ಇದನ್ನು ನೆನಪಿನಲ್ಲಿಟ್ಟುಕೊಂಡರೆ 1881ರ ಈ ಸಂಗತಿಯ ತೂಕವು ತಿಳಿಯುತ್ತದೆ.

ಚರಿತ್ರೆಯೆಂದರೆ ಅರಸರ ವಂಶಾವಳಿ, ಶಾಸನ, ಯುದ್ಧ, ಸಂಧಿ ಇವುಗಳ ವೃತ್ತಾಂತವೆಂದು ಭಾವಿಸುವ ವಾಚಕರು, ಚೆಂಡನ್ನು ಒದ್ದವನೊಬ್ಬನ ಜೀವಿತಕ್ಕೆ ಇಷ್ಟು ಪುಟಗಳೇಕೆಂದು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈತನ ಜೀವಿತವನ್ನು ಎಳೆಯೆಳೆಯಾಗಿ ಬಿಡಿಸುತ್ತ ಹೋದರೆ ಒಂದು ಕೊನೆಯಲ್ಲಿ ಆಟದ ಬಯಲೂ ಮತ್ತೊಂದು ಕೊನೆಯಲ್ಲಿ ಕಬ್ಬಿನ ಗದ್ದೆಯೂ ಕೈಗೆ ಹತ್ತುತ್ತವೆ. ಹಣಕ್ಕಾಗಿ ಆಡದೆ ಆಟಕ್ಕಾಗಿಯೇ ಆಡುವುದು ಶ್ರೇಷ್ಠವೆಂದು ಆ ಕಾಲದ ದೊಡ್ಡ ಮನುಷ್ಯರು ಹೇಳುತ್ತಿದ್ದರು. ಹಾಗೆ ಆಡುವ ಬಿಡುವು ಯಾರಿಗೆ, ಯಾರ ಬೆವರಿನಿಂದ ದೊರೆಯುತ್ತಿತ್ತೆಂಬುದನ್ನು ಹೇಳುತ್ತಿರಲಿಲ್ಲ. ಉಳಿದವರ ಚರಿತ್ರೆಯಲ್ಲಿ ಮುಚ್ಚಿಹೋದ ಈ ಸಂಬಂಧವು ವಾಟ್ಸನ್ನನ ಚರಿತ್ರೆಯಲ್ಲಿ ಮರೆಯಿಲ್ಲದೆ ಕಾಣುತ್ತದೆ.

ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಡೆಮರಾರಾ ಎಂಬ ನದಿಯುಂಟು. ಅದು ಸಮುದ್ರವನ್ನು ಸೇರುವೆಡೆಯಲ್ಲಿರುವ ಪಟ್ಟಣ ಜಾರ್ಜ್‌ಟೌನ್. ಈಗ ಗಯಾನಾ ಎಂಬ ಸ್ವತಂತ್ರ ದೇಶದ ರಾಜಧಾನಿಯಾಗಿರುವ ಈ ಪಟ್ಟಣವು ಆಗ ಬ್ರಿಟಿಷ್ ಗಯಾನಾ ಎಂಬ ವಸಾಹತಿನ ಮುಖ್ಯ ಸ್ಥಳವಾಗಿತ್ತು. ಸಮುದ್ರಮಟ್ಟಕ್ಕಿಂತ ತಗ್ಗಾದ ಆ ನೆಲಕ್ಕೆ ಕಟ್ಟೆ ಹಾಕಿ, ಕಾಲುವೆ ತೋಡಿ, ಅದನ್ನು ಕಬ್ಬಿನ ಗದ್ದೆಯನ್ನಾಗಿ ಮಾಡಿದವರು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು. 1823ರಲ್ಲಿ ಅವರು ಸಾವಿರಗಟ್ಟಲೆಯಾಗಿ ದಂಗೆಯೆದ್ದರು. ದಂಗೆಯು ಕೆಲವೇ ದಿನಗಳಲ್ಲಿ ನೆತ್ತರಿನಲ್ಲಿ ಅಡಗಿತು. ಹತ್ತು ವರ್ಷಗಳ ತರುವಾಯ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಪಡಿಸುವ ಕಾನೂನನ್ನು ಮಾಡಿ, ಪರಿಹಾರವೆಂದು ಎರಡು ಕೋಟಿ ಪೌಂಡುಗಳನ್ನು ಗೊತ್ತುಮಾಡಿತು. ಪರಿಹಾರವು ಸಂದುದು ಗುಲಾಮರಿಗಲ್ಲ, ಅವರ ಒಡೆಯರಿಗೆ! ಬಿಡುಗಡೆಯಾದವರು ಕೂಡ ಮತ್ತೆ ಕೆಲವು ವರ್ಷ ಹಳೆಯ ಒಡೆಯರ ಬಳಿಯಲ್ಲಿಯೇ ಕಟ್ಟುಬಿದ್ದು ದುಡಿಯಬೇಕಾಯಿತು. ಆ ಕಟ್ಟು 1838ರಲ್ಲಿ ಕಳಚಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಕಲ್ಕತ್ತೆಯಿಂದ ಹೊರಟ ‘ವಿಟ್ಬಿ’, ‘ಹೆಸ್ಪೆರಸ್’ ಎಂಬ ಎರಡು ಹಡಗುಗಳು ನಮ್ಮ ದೇಶದ ಕೂಲಿಗಳನ್ನು ಹೊತ್ತು ಅಲ್ಲಿಗೆ ಮುಟ್ಟಿದುವು. ಮುಂದೆ ಮದರಾಸಿನ ಬಂದರಿನಿಂದಲೂ ಹಡಗುಗಳು ಹೋದುವು. ವಾಟ್ಸನ್ನನು ಹುಟ್ಟುವ ಹೊತ್ತಿಗೆ ಆ ಕಬ್ಬನ್ನು ಕಡಿಯುತ್ತಿದ್ದವರಲ್ಲಿ ಭರತಖಂಡದವರೂ ಬಹಳ ಮಂದಿ ಇದ್ದರೆಂಬುದನ್ನು ನಾವು ಮರೆಯಬಾರದು.

ಆಂಡ್ರೂವಿನ ತಂದೆ ಪೀಟರ್ ಮಿಲ್ಲರ್ ವಾಟ್ಸನ್ ಸ್ಕಾಟ್ಲೆಂಡಿನವನು, 1805ರಲ್ಲಿ ಹುಟ್ಟಿದವನು, ಸಕ್ಕರೆಯ ತೋಟಗಳಿಂದ ಧನಿಕನಾದವನು. ತಾಯಿಯ ಹೆಸರು ಹ್ಯಾನಾ ರೋಸ್. ಮಗನು ಹುಟ್ಟಿದುದು 1856ನೆಯ ಇಸವಿ ಮೇ 24ನೆಯ ತಾರೀಖು. ಅದು ವಿಕ್ಟೋರಿಯಾ ರಾಣಿಯ ಹುಟ್ಟಿದ ದಿನವೂ ಹೌದು. ಆನೆಟಾ ಎಂಬ ಅಕ್ಕನೊಬ್ಬಳಿದ್ದಳು. ಬಿಳಿಯ ತೋಟಗಾರರಿಗೆ ಅಲ್ಲಿಯ ಹೆಂಗಸರಲ್ಲಿ ಮಕ್ಕಳಾಗುವುದು ಆ ಸೀಮೆಯಲ್ಲಿ ದಿನದಿನದ ಮಾತು; ಆ ಮಕ್ಕಳಲ್ಲಿ ಬಹಳ ಮಂದಿ ತಂದೆಯ ಹೆಸರನ್ನೂ ಪಡೆಯದೆ ಬೆಳೆದರು. ಈ ತಂದೆಯು ಹಾಗೆ ಮಾಡಲಿಲ್ಲ. ಎರಡು ಮಕ್ಕಳನ್ನೂ ತನ್ನೊಡನೆ ಬ್ರಿಟನ್ನಿಗೆ ಕರೆತಂದನು, ಹೆಸರು ಕೊಟ್ಟನು, 1869ರಲ್ಲಿ ಸಾಯುವಾಗ ಅವರಿಗೆ ಸಾಕಷ್ಟು ಹಣವನ್ನೂ ಬಿಟ್ಟನು. ಆತನನ್ನು ಹೊಗಳುವುದಕ್ಕೆ ಮುಂಚೆ ಆ ಹಣವು ಎಲ್ಲಿಂದ ಬಂದಿತೆಂಬುದನ್ನು ನೆನೆಯಬೇಕು. ತೆಗಳುವುದಕ್ಕೆ ಮುಂಚೆ, ಅವನಂಥ ನೂರಾರು ಮಂದಿ ಮಾಡದ ಕೆಲಸವನ್ನು ಆತನು ಮಾಡಿದನೆಂಬುದನ್ನೂ ನೆನೆಯಬೇಕು. ತಾಯಿಯ ವಿಷಯವನ್ನು ಮಾತ್ರ ಮಗನ ಚರಿತ್ರೆಯನ್ನು ಹೇಳುವವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಹುಡುಗನ ವಿದ್ಯಾಭ್ಯಾಸವು ಶ್ರೀಮಂತರ ಮಕ್ಕಳಂತೆಯೇ ನಡೆಯಿತು. ಮೊದಲು ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಪಟ್ಟಣದ ಹೀತ್ ಗ್ರಾಮರ್ ಶಾಲೆ. 1871ರಿಂದ ಲಂಡನ್ನಿನ ಕಿಂಗ್ಸ್ ಕಾಲೇಜು ಶಾಲೆ. ಓದಿನ ಜತೆಗೆ ಆಟಪಾಟಗಳಲ್ಲಿಯೂ ಅಲ್ಲಿ ಕೈಪಳಗಿತು. 1875ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿ ಪ್ರಕೃತಿವಿಜ್ಞಾನ, ಗಣಿತ, ಯಂತ್ರವಿದ್ಯೆಗಳನ್ನು ಓದತೊಡಗಿದನು. ಮುಂದೆ ಕೆಲ್ವಿನ್ ಪ್ರಭುವೆಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ನನು ಪ್ರಕೃತಿವಿಜ್ಞಾನದ ಆಚಾರ್ಯಪೀಠದಲ್ಲಿದ್ದ ಕಾಲವದು. ಆದರೆ ಒಂದೇ ವರ್ಷದಲ್ಲಿ ವಾಟ್ಸನ್ನನು ವಿಶ್ವವಿದ್ಯಾನಿಲಯವನ್ನು ಬಿಟ್ಟನು. ಸಗಟು ವ್ಯಾಪಾರದ ಮಳಿಗೆಯೊಂದರಲ್ಲಿ ಪಾಲುದಾರನಾಗಿ ಗ್ಲಾಸ್ಗೋ ನಗರದಲ್ಲಿಯೇ ನೆಲಸಿದನು. ಯಂತ್ರವಿದ್ಯೆಯ ಬೀಜವು ಮಾತ್ರ ಒಳಗೆ ಉಳಿದಿತ್ತು. ಅದು ಬಹುಕಾಲದ ಮೇಲೆ ಮೊಳೆಯಿತು.

ಇಲ್ಲಿ ಆಗಿನ ಕಾಲ್ಚೆಂಡಿನ ಸ್ಥಿತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಈಗ ನಾವು ಕಾಣುವ ಆಟಕ್ಕೂ ಅದಕ್ಕೂ ಬಹಳ ಅಂತರ. 1863ರಲ್ಲಿ ಲಂಡನ್ನಿನಲ್ಲಿ ಸಂಘವೊಂದು ಕೂಡಿ ನಿಯಮಗಳನ್ನು ಬರೆಯಿತಾದರೂ ಊರೂರಿನ ರೂಢಿಗಳು ಒಂದೇ ದಿನದಲ್ಲಿ ಅಳಿಯಲಿಲ್ಲ. ಬ್ರಿಟನ್ನಿನ ನಾಲ್ಕು ಸಂಘಗಳು ಕೂಡಿ ಒಂದೇ ಬಗೆಯ ನಿಯಮಗಳನ್ನು ಗೊತ್ತುಮಾಡಿಕೊಂಡುದು 1882ರ ಕೊನೆಯಲ್ಲಿ. ಗೋಲಿಗೆ ಬಲೆಯಿರಲಿಲ್ಲ. ತಪ್ಪಿಗೆ ದಂಡವಾಗಿ ಕೊಡುವ ಪೆನಾಲ್ಟಿ ಒದೆತವು 1891ರ ವರೆಗೆ ಇರಲೇ ಇಲ್ಲ. ಒಂದೊಂದು ಪಕ್ಷಕ್ಕೆ ಒಬ್ಬೊಬ್ಬ ತೀರ್ಪುಗಾರನಿದ್ದು, ಅವರಿಬ್ಬರಲ್ಲಿ ಒಮ್ಮತವಾಗದಿದ್ದರೆ ಮೂರನೆಯವನನ್ನು ಕೇಳುತ್ತಿದ್ದರು. ಭುಜಕ್ಕೆ ಭುಜ ಕೊಟ್ಟು ಎದುರಾಳಿಯನ್ನು ನೂಕಿ ಕೆಡಹುವುದು ತಪ್ಪಾಗಿರಲಿಲ್ಲ. ಗೋಲು ಕಾಯುವವನನ್ನು ಚೆಂಡಿನ ಸಮೇತ ಗೋಲಿನೊಳಕ್ಕೆ ನೂಕಿದರೂ ನೂಕಿದವರಿಗೆ ಗೆಲುವೇ ಹೊರತು ದಂಡವಿರಲಿಲ್ಲ.

ಇಂಗ್ಲೆಂಡಿನ ಶಾಲೆಗಳಲ್ಲಿ ಕಲಿತ ಮಹನೀಯರು ಆಡುತ್ತಿದ್ದ ಆಟವೆಂದರೆ ಒಬ್ಬನು ಚೆಂಡನ್ನು ಕಾಲಿನಲ್ಲಿ ಸಿಕ್ಕಿಸಿಕೊಂಡು ಮುಂದೆ ಮುಂದೆ ಓಡುವುದು, ಉಳಿದವರು ಆತನ ಬೆನ್ನಟ್ಟಿ ಹೋಗಿ, ಅದು ತಪ್ಪಿದಾಗ ತಾವು ಹಿಡಿದು ಓಡುವುದು. ಶೌರ್ಯವುಂಟು, ಕೂಟವಿಲ್ಲ. ಗ್ಲಾಸ್ಗೋ ನಗರದಲ್ಲಿ 1867ರಲ್ಲಿ ಹುಟ್ಟಿದ ಕ್ವೀನ್ಸ್ ಪಾರ್ಕ್ ಎಂಬ ಸಂಘದವರು ಇದನ್ನು ಬದಲಾಯಿಸಿದರು. ಚೆಂಡನ್ನು ಹಿಡಿದವನು ಎದುರಾಳಿಯು ಹತ್ತಿರ ಬರುವ ಮೊದಲೇ ಅದನ್ನು ಜತೆಯವನಿಗೆ ಒದ್ದು ಕೊಡುವುದು, ತಾನು ಬೇರೆಡೆಗೆ ಓಡಿ ಮತ್ತೆ ಪಡೆಯುವುದು. ಈಗ ಇದು ಮಕ್ಕಳಿಗೂ ಗೊತ್ತಿರುವ ಸಂಗತಿ. ಆಗ ಅದೊಂದು ಹೊಸ ಶಾಸ್ತ್ರ. 1872ರಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಮೊದಲ ಪಂದ್ಯವಾದಾಗ ಸ್ಕಾಟ್ಲೆಂಡಿನ ಪರವಾಗಿ ಆಡಿದ ಹನ್ನೊಂದು ಮಂದಿಯೂ ಈ ಒಂದೇ ಸಂಘದಿಂದ ಬಂದವರು. 1875ರ ವರೆಗೆ ಈ ಸಂಘಕ್ಕೆ ಎದುರಾಗಿ ಒಂದು ಗೋಲನ್ನು ಕೂಡ ಯಾರೂ ಹೊಡೆಯಲಿಲ್ಲವೆಂದು ಅದರ ಚರಿತ್ರೆಯು ಹೇಳುತ್ತದೆ.

ಈ ಕೂಟದಲ್ಲಿ ಮುಂದೆ ಆರು ಮಂದಿ, ನಡುವೆ ಇಬ್ಬರು, ಹಿಂದೆ ಇಬ್ಬರೇ ಬ್ಯಾಕುಗಳು. ಅವರ ಹಿಂದೆ ಗೋಲು ಕಾಯುವವನು. ಈಗ ನಾಲ್ವರು ಐವರು ಸೇರಿ ಹೊರುವ ಭಾರವನ್ನು ಆಗ ಆ ಇಬ್ಬರು ಹೊರಬೇಕಾಗಿತ್ತು. ಆರು ಮಂದಿ ಮುಂದಾಳುಗಳು ಅಲೆಯಂತೆ ಏರಿ ಬರುವಾಗ ಯಾವನ ಮೇಲೆ ಬೀಳಬೇಕು, ಯಾವನನ್ನು ಬಿಡಬೇಕೆಂಬುದನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಿಶ್ಚಯಿಸಬೇಕು. ತಡೆದ ಚೆಂಡನ್ನು ಸುಮ್ಮನೆ ದೂರಕ್ಕೆ ಒದ್ದರೆ ಸಾಲದು. ತನ್ನವನ ಕಾಲಿಗೆ ಮುಟ್ಟಿಸಬೇಕು. ವಾಟ್ಸನ್ನನು ಎತ್ತರದ ಆಳು, ಬಲಶಾಲಿ, ಎರಡು ಕಾಲುಗಳಲ್ಲಿಯೂ ಸಮನಾಗಿ ಒದೆಯಬಲ್ಲವನು, ವೇಗಿ. ಹೀಗೆಂದು ಆತನನ್ನು ಬಲ್ಲವರ ಸಾಕ್ಷ್ಯವುಂಟು. ಬಲ, ಎಡ ಯಾವ ಬದಿಯಲ್ಲಿಯೂ ನಿಲ್ಲುತ್ತಿದ್ದನು. ಗೋಲು ಹೊಡೆದವನ ಹೆಸರು ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಗೋಲು ತಪ್ಪಿಸಿದವನ ಹೆಸರು ಅಂದಿನ ನೋಡುವವರ ನಾಲಗೆಯಲ್ಲಿ ಮಾತ್ರ. ಆತನು ಮುಂದೆ ಮರೆತುಹೋದುದಕ್ಕೆ ಇದೂ ಒಂದು ಕಾರಣವಿರಬಹುದು.

ಮೊದಲು 1876ರಲ್ಲಿ ಮ್ಯಾಕ್ಸ್‌ವೆಲ್ ಎಂಬ ಚಿಕ್ಕ ಸಂಘ, ಆಮೇಲೆ ಪಾರ್ಕ್‌ಗ್ರೋವ್ ಎಂಬ ಸಂಘ, ಇವುಗಳಲ್ಲಿ ವಾಟ್ಸನ್ನನು ಆಡಿದನು. ಪಾರ್ಕ್‌ಗ್ರೋವ್ ಸಂಘಕ್ಕೆ ಪಂದ್ಯಗಳ ಕಾರ್ಯದರ್ಶಿಯೂ ಆದನು. ಪಂದ್ಯಗಳ ಪಟ್ಟಿಯನ್ನು ಮೇಲಿನವರು ಅಚ್ಚುಹಾಕಿಸಿ ಕಳುಹಿಸುವ ಪದ್ಧತಿ ಆಗ ಇರಲಿಲ್ಲ. ಕಾರ್ಯದರ್ಶಿಯೇ ಹತ್ತಾರು ಸಂಘಗಳಿಗೆ ಕಾಗದ ಬರೆದು, ದಿನ ಗೊತ್ತುಮಾಡಿ, ಬಯಲನ್ನು ಸಿದ್ಧಪಡಿಸಿ, ಹನ್ನೊಂದು ಮಂದಿಯನ್ನು ಹೊತ್ತಿಗೆ ಸರಿಯಾಗಿ ಕೂಡಿಸಬೇಕು. ಸಭೆ ಸಂಘಗಳನ್ನು ನಡೆಸಿದವರಿಗೆ ಈ ಕೆಲಸದ ಸುಖದುಃಖಗಳನ್ನು ಹೇಳಬೇಕಾದುದಿಲ್ಲ. ಕರಿಯನೊಬ್ಬನು ಕಾಲ್ಚೆಂಡಿನ ಸಂಘವೊಂದರ ಅಧಿಕಾರದಲ್ಲಿ ಕುಳಿತುದಕ್ಕೆ ನಮಗೆ ತಿಳಿದಿರುವ ಮೊದಲ ನಿದರ್ಶನವಿದು. 1877ರ ನವೆಂಬರಿನಲ್ಲಿ ಆತನು ಜೆಸ್ಸಿ ನಿಮ್ಮೊ ಆರ್ಮರ್ ಎಂಬ, ಬಡಗಿಯ ಕುಶಲಕೆಲಸ ಮಾಡುವವನೊಬ್ಬನ ಮಗಳನ್ನು ಮದುವೆಯಾದನು. ರೂಪರ್ಟ್ ಎಂಬ ಮಗನೂ ಆಗ್ನೆಸ್ ಮಾಡ್ ಎಂಬ ಮಗಳೂ ಹುಟ್ಟಿದರು.

1880ರ ವಸಂತದಲ್ಲಿ ಕ್ವೀನ್ಸ್ ಪಾರ್ಕಿನವರು ಆತನನ್ನು ಸೇರಿಸಿಕೊಂಡರು. ಅದು ಅಂದಿನ ಕಾಲ್ಚೆಂಡಿನ ಪೀಠಸ್ಥಾನ. ಮರುವರ್ಷವೇ ಮೇಲೆ ಹೇಳಿದ ಓವಲ್ ಪಂದ್ಯ. ದೇಶದ ಪರವಾಗಿ ಆತನು ಆಡಿದ ಮೊದಲ ಪಂದ್ಯವದು. ಮೊದಲ ಪಂದ್ಯದಲ್ಲಿಯೇ ನಾಯಕತ್ವ. ಅರ್ಧ ಆಟ ಮುಗಿದಾಗ ಸ್ಕಾಟ್ಲೆಂಡಿಗೆ ಒಂದೇ ಗೋಲಿನ ಮೇಲುಗೈ. ಉಳಿದರ್ಧದಲ್ಲಿ ಇಂಗ್ಲೆಂಡಿನವರ ಉಸಿರೂ ಕೂಟವೂ ಒಟ್ಟಿಗೆ ಒಡೆದುವು. ಜಾನ್ ಸ್ಮಿತ್ ಎಂಬಾತನೊಬ್ಬನೇ ಮೂರು ಗೋಲುಗಳನ್ನು ಹೊಡೆದನು. ಭಾನುವಾರ ಕಳೆದು ಸೋಮವಾರವೇ ಸ್ಕಾಟ್ಲೆಂಡಿನವರು ರೆಕ್ಸ್‌ಹ್ಯಾಮ್ ಪಟ್ಟಣದಲ್ಲಿ ವೇಲ್ಸಿನವರೊಡನೆ ಆಡಿ ಐದಕ್ಕೆ ಒಂದರಂತೆ ಗೆದ್ದರು. ಲಂಡನ್ನಿನಿಂದ ವೇಲ್ಸಿನ ಗಡಿಯವರೆಗೆ ರೈಲಿನಲ್ಲಿ ಹೋಗಿ, ಒಂದೇ ದಿನದ ವಿಶ್ರಾಂತಿಯಲ್ಲಿ ಎರಡನೆಯ ಪಂದ್ಯ! ಈಗಿನ ವೈದ್ಯರು ಒಪ್ಪಲಾರರು.

ಅದೇ ತಿಂಗಳು ಸ್ಕಾಟಿಷ್ ಕಪ್ಪಿನ ಕೊನೆಯ ಪಂದ್ಯದಲ್ಲಿ ಕ್ವೀನ್ಸ್ ಪಾರ್ಕಿನವರು ಡಂಬಾರ್ಟನ್ನಿನವರನ್ನು ಎರಡಕ್ಕೆ ಒಂದರಂತೆ ಸೋಲಿಸಿದರು. ಜನಸಂದಣಿಯು ಬಯಲಿನೊಳಕ್ಕೆ ನುಗ್ಗಿತೆಂದು ಸೋತವರು ದೂರಿತ್ತರು. ಪಂದ್ಯವನ್ನು ಮತ್ತೆ ಆಡಿಸಿದರು. ಕ್ವೀನ್ಸ್ ಪಾರ್ಕಿನವರು ಈ ಸಲ ಮೂರಕ್ಕೆ ಒಂದರಂತೆ ಗೆದ್ದು ದೂರಿಗೆ ಉತ್ತರವಿತ್ತರು. 1882ರಲ್ಲಿಯೂ ಅವರಿಬ್ಬರಿಗೇ ಪಂದ್ಯ. ಮೊದಲ ದಿನ ಸಮಸಮ, ಎರಡನೆಯ ಸಲ ಕ್ವೀನ್ಸ್ ಪಾರ್ಕಿಗೆ ನಾಲ್ಕು, ಡಂಬಾರ್ಟನ್ನಿಗೆ ಒಂದು. ಇದರ ನಡುವೆ, 1881ರ ನವೆಂಬರಿನಲ್ಲಿ, ವಾಟ್ಸನ್ನನು ಕ್ವೀನ್ಸ್ ಪಾರ್ಕಿನ ಕಾರ್ಯದರ್ಶಿಯೂ ಆಗಿದ್ದನು. 1882ರ ಮಾರ್ಚಿ 11ರಂದು ಗ್ಲಾಸ್ಗೋವಿನ ಹ್ಯಾಂಪ್ಡನ್ ಪಾರ್ಕಿನಲ್ಲಿ ಇಂಗ್ಲೆಂಡಿನ ಮೇಲೆ ಐದಕ್ಕೆ ಒಂದರ ಗೆಲುವು. ಸ್ಕಾಟ್ಲೆಂಡಿನ ಪರವಾಗಿ ಆತನು ಆಡಿದ ಮೂರನೆಯ ಪಂದ್ಯವದು, ಕಡೆಯದೂ ಅದೇ. ಮೂರು ಪಂದ್ಯಗಳು, ಮೂರು ಗೆಲುವುಗಳು, ಹೊಡೆದ ಗೋಲುಗಳು ಹದಿನಾರು, ಬಿಟ್ಟುಕೊಟ್ಟವು ಮೂರು.

ಆಟವು ಕುಗ್ಗಿ ಆತನನ್ನು ಬಿಟ್ಟರೆಂದು ಯಾರೂ ತಿಳಿಯಬಾರದು. ಆ ವರ್ಷದ ಬೇಸಗೆಯಲ್ಲಿ ಆತನು ಲಂಡನ್ನಿಗೆ ಹೋಗಿ ನೆಲಸಿದನು. ಸ್ಕಾಟ್ಲೆಂಡಿನಲ್ಲಿ ಇದ್ದು ಆಡುವವರನ್ನಲ್ಲದೆ ಹೊರಗೆ ಹೋದವರನ್ನು ದೇಶದ ತಂಡಕ್ಕೆ ಆರಿಸಬಾರದೆಂಬುದು ಅಲ್ಲಿಯ ಸಂಘದ ಆಗಿನ ಕಟ್ಟಳೆ. ಇಪ್ಪತ್ತಾರನೆಯ ವಯಸ್ಸಿಗೆ, ಶಕ್ತಿಯು ತುಂಬಿದ ಕಾಲದಲ್ಲಿ, ಆ ಬಾಗಿಲು ಮುಚ್ಚಿತು. ಲಂಡನ್ನಿಗೆ ಬಂದ ಕೆಲವೇ ತಿಂಗಳುಗಳಲ್ಲಿ ಹೆಂಡತಿ ಜೆಸ್ಸಿ ತೀರಿಕೊಂಡಳು. ಎರಡು ಎಳೆಯ ಮಕ್ಕಳು ಗ್ಲಾಸ್ಗೋವಿನಲ್ಲಿದ್ದ ತಾಯಿಯ ತವರಿಗೆ ಹಿಂದಿರುಗಿದರು. ತಾಯಿಯಿಂದ ಎಳೆತನದಲ್ಲಿಯೇ ಅಗಲಿದವನ ಮಕ್ಕಳು ತಾವೂ ಹಾಗೆಯೇ ತಾಯಿಯಿಲ್ಲದೆ ಬೆಳೆದರು.

ಲಂಡನ್ನಿನಲ್ಲಿ ಸ್ವಿಫ್ಟ್ಸ್ ಎಂಬ ಸಂಘದ ಪರವಾಗಿ ಇಂಗ್ಲೆಂಡಿನ ಕಪ್ಪಿನ ಪಂದ್ಯಗಳಲ್ಲಿ ಆಡಿದನು. ಆ ಸ್ಪರ್ಧೆಯಲ್ಲಿ ಆಡಿದ ಮೊದಲ ಕರಿಯನು ಆತನೇ. ಆಗಲೇ ಕೊರಿಂಥಿಯನ್ಸ್ ಎಂಬ ಸಂಘವು ಆತನನ್ನು ಕರೆಯಿತು. ಇದರ ಹುಟ್ಟಿನ ಕಥೆಯು ಸ್ವಾರಸ್ಯವಾಗಿದೆ. ಸ್ಕಾಟ್ಲೆಂಡಿನವರ ಕೈಯಲ್ಲಿ ವರ್ಷ ವರ್ಷವೂ ಪೆಟ್ಟು ತಿಂದು ನಾಚಿದ ಇಂಗ್ಲೆಂಡಿನ ಎನ್. ಎಲ್. ಜಾಕ್ಸನ್ ಎಂಬಾತನು, ವಿಶ್ವವಿದ್ಯಾನಿಲಯಗಳ ಮತ್ತು ದೊಡ್ಡ ಶಾಲೆಗಳ ಆಟಗಾರರನ್ನು ಒಂದೆಡೆ ಕೂಡಿಸಿ, ಒಟ್ಟಿಗೆ ಆಡುವ ಅಭ್ಯಾಸವನ್ನು ಬೆಳಸಬೇಕೆಂದು 1882ರಲ್ಲಿ ಅದನ್ನು ಕಟ್ಟಿದನು. ಸ್ಕಾಟ್ಲೆಂಡಿನವರನ್ನು ಗೆಲ್ಲಲು ಕಟ್ಟಿದ ಸಂಘಕ್ಕೆ ಸ್ಕಾಟ್ಲೆಂಡಿನ ಹಳೆಯ ನಾಯಕನನ್ನೇ ಕರೆದರು! 1884ರಲ್ಲಿ ಕಪ್ಪನ್ನು ಗೆದ್ದ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು ಕೊರಿಂಥಿಯನ್ಸಿನವರು ಎಂಟಕ್ಕೆ ಒಂದರಂತೆ ಸೋಲಿಸಿದಾಗ ವಾಟ್ಸನ್ನನು ಅವರ ಬ್ಯಾಕಾಗಿದ್ದನು. ಅತ್ತ ಕ್ವೀನ್ಸ್ ಪಾರ್ಕಿನ ನಂಟೂ ಕಡಿಯಲಿಲ್ಲ. ಮರಳಿ ಅಲ್ಲಿಗೆ ಹೋಗಿ 1886ರಲ್ಲಿ ಮೂರನೆಯ ಸಲ ಸ್ಕಾಟಿಷ್ ಕಪ್ಪನ್ನು ಗೆದ್ದ ತಂಡದಲ್ಲಿ ಆಡಿದನು.

ಕ್ವೀನ್ಸ್ ಪಾರ್ಕ್, ಕೊರಿಂಥಿಯನ್ಸ್ ಎರಡೂ ಹಣ ಮುಟ್ಟದ ಸಂಘಗಳು. ಆಟಕ್ಕಾಗಿಯೇ ಆಟ ಎಂಬ ಅರ್ಥದ ಲ್ಯಾಟಿನ್ ವಾಕ್ಯವು ಕ್ವೀನ್ಸ್ ಪಾರ್ಕಿನ ಮುದ್ರೆಯಲ್ಲಿದೆ. ಅಮೆಚೂರ್ ಎಂಬ ಮಾತು ನಮ್ಮವರಿಗೆ ನಾಟಕದ ಮಂಡಳಿಗಳಿಂದ ಪರಿಚಯವಾದುದು: ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿದ್ದು, ಪ್ರೀತಿಯಿಂದ ವೇಷ ಹಾಕುವವರು. ಕೇಳುವುದಕ್ಕೆ ಇದಕ್ಕಿಂತ ಸೊಗಸಾದ ಧರ್ಮವಿಲ್ಲ. ಆದರೆ ಲ್ಯಾಂಕಾಷೈರಿನ ಗಿರಣಿಯಲ್ಲಿ ನೇಯುವವನ ಕಡೆಯಿಂದ ಇದನ್ನು ನೋಡಬೇಕು. ಪಂದ್ಯಕ್ಕಾಗಿ ದೂರದ ಊರಿಗೆ ಹೋದರೆ ಆತನಿಗೆ ದಿನದ ಕೂಲಿಯು ಹೋಗುತ್ತದೆ. ಕಾಲು ಮುರಿದರೆ ಮನೆಯ ಒಲೆಯೇ ಆರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಹೂವಿನ ಉಪದೇಶವನ್ನು ಮಾಡಿದಂತಾಯಿತು. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಕೂಲಿಕಾರರ ತಂಡವು ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಸೋಲಿಸಿ ಕಪ್ಪನ್ನು ಉತ್ತರಕ್ಕೆ ಒಯ್ದಿತು. ಮರುವರ್ಷ ಪ್ರೆಸ್ಟನ್ನಿನವರು ಆಟಗಾರರಿಗೆ ಹಣ ಕೊಡುತ್ತಿರುವರೆಂದು ದೂರು ಬಂದಾಗ, ಅವರ ಮುಖಂಡನಾದ ಸಡೆಲ್ ಎಂಬಾತನು ಹೌದೆಂದು ಒಪ್ಪಿಕೊಂಡನು. ಅವರನ್ನು ಸ್ಪರ್ಧೆಯಿಂದ ಹೊರಗೆ ಹಾಕಿದರು. ಆದರೆ ಬೇರೆ ಸಂಘಗಳೂ ಅವರ ಪಕ್ಷವನ್ನು ಹಿಡಿದುದರಿಂದ 1885ರಲ್ಲಿ ಇಂಗ್ಲೆಂಡಿನ ಸಂಘವು ಹಣಕ್ಕೆ ಆಡುವುದನ್ನು ಅಂಗೀಕರಿಸಬೇಕಾಯಿತು. ಸ್ಕಾಟ್ಲೆಂಡಿನವರು 1893ರ ವರೆಗೆ ಹಟಹಿಡಿದರು.

ಈ ವಾದದಲ್ಲಿ ವಾಟ್ಸನ್ನನ ಸ್ಥಾನವೆಲ್ಲಿ? ಅವನು ಹಣಕ್ಕೆ ಕೈಯೊಡ್ಡದೆ ಹತ್ತು ವರ್ಷ ಆಡಿದನು. ಒಡ್ಡಬೇಕಾದ ಅಗತ್ಯವೇ ಇರಲಿಲ್ಲ, ತಂದೆಯ ಹಣವಿತ್ತು. ಆ ಹಣವು ಡೆಮರಾರಾದ ಕಬ್ಬಿನದು; ಆ ಕಬ್ಬು ತಾಯಿಯ ಕುಲದವರ ಬೆನ್ನಿನ ಮೇಲೆ ಬೆಳೆದುದು. ಕೂಲಿಯಿಲ್ಲದೆ ದುಡಿದವರ ದುಡಿಮೆಯೇ ಬಡ್ಡಿಸಹಿತವಾಗಿ, ಕೂಲಿಯಿಲ್ಲದೆ ಆಡುವ ಘನತೆಯನ್ನು ಅವರ ಕುಲದ ಕೂಸಿಗೆ ಕೊಟ್ಟಿತು. ಇದರಲ್ಲಿ ಆತನ ತಪ್ಪೇನೂ ಇಲ್ಲ. ಆತನ ಜತೆಯಲ್ಲಿ ಆಡಿದ ಬಿಳಿಯ ಮಹನೀಯರ ಮನೆಗಳಲ್ಲಿಯೂ ಇಂಥ ಸಕ್ಕರೆಯ ಹಣ, ಹತ್ತಿಯ ಹಣ ಎಷ್ಟಿತ್ತೋ! ಗ್ಲಾಸ್ಗೋ ನಗರದ ಭವ್ಯವಾದ ಬೀದಿಗಳು ಕೂಡ ಹೊಗೆಸೊಪ್ಪು, ಸಕ್ಕರೆಗಳ ವ್ಯಾಪಾರದಿಂದ ಎದ್ದವೇ. ವಾಟ್ಸನ್ನನ ಮುಖದಲ್ಲಿ ಮಾತ್ರ ಆ ಲೆಕ್ಕವು ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿತ್ತು.

ಆ ಮುಖವನ್ನು ಕಂಡು ಜನರು ಏನೆಂದರು? ಪತ್ರಿಕೆಗಳು ಆತನ ಮೈಬಣ್ಣದ ವಿಷಯವನ್ನು ಎತ್ತಿದುದು ವಿರಳವೆಂದೂ, ಎಲ್ಲರೂ ಕಪ್ಪು ಜೋಡುಗಳನ್ನು ಹಾಕುತ್ತಿದ್ದ ಕಾಲ ಆತನು ಕಂದು ಜೋಡುಗಳನ್ನು ಹಾಕುತ್ತಿದ್ದುದೇ ಬರೆಯುವವರಿಗೆ ಹೆಚ್ಚಿನ ಸೋಜಿಗವಾಗಿತ್ತೆಂದೂ ಆತನ ಚರಿತ್ರಕಾರರು ಹೇಳುತ್ತಾರೆ. ಇದರಿಂದ ವಿಕ್ಟೋರಿಯಾ ರಾಣಿಯ ಕಾಲದ ಆಟದ ಬಯಲಿನಲ್ಲಿ ಬಣ್ಣದ ಭೇದವೇ ಇರಲಿಲ್ಲವೆಂದು ಕೆಲವರು ಹಿಗ್ಗುವುದುಂಟು. ಈ ಲೇಖಕನಿಗೆ ಅದು ಒಪ್ಪಿಗೆಯಿಲ್ಲ. ಪತ್ರಿಕೆಯ ಮೌನವು ಬಯಲಿನ ಮೌನವಲ್ಲ. ಬೇಲಿಯಾಚೆ ನಿಂತವನು ಕೂಗಿದುದನ್ನು ಬರೆಯುವವನು ಯಾರು? ಇದಲ್ಲದೆ, ವಾಟ್ಸನ್ನನು ಒಳ್ಳೆಯ ಶಾಲೆಯ ಮಾತು, ಒಳ್ಳೆಯ ಉಡುಪು, ಕೈತುಂಬ ಹಣ ಇವುಗಳೊಡನೆ ಬಂದವನು. ಅವುಗಳಿಲ್ಲದೆ ಬಂದಿದ್ದರೆ?

ಈ ಪ್ರಶ್ನೆಗೆ ಉತ್ತರವು ಆರ್ಥರ್ ವಾರ್ಟನ್ನನ ಕಥೆಯಲ್ಲಿ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಆತನು 1865ರಲ್ಲಿ ಪಶ್ಚಿಮ ಆಫ್ರಿಕದ ಅಕ್ರಾ ಪಟ್ಟಣದಲ್ಲಿ ಹುಟ್ಟಿದವನು. ಇಂಗ್ಲೆಂಡಿಗೆ ಓದಲು ಬಂದು, ಮಹಾ ವೇಗದ ಓಟಗಾರನೆನಿಸಿ, ಗೋಲು ಕಾಯುವವನಾಗಿ, 1889ರಲ್ಲಿ ಹಣಕ್ಕೆ ಆಡತೊಡಗಿದನು. ಆಟ ಮುಗಿದ ಮೇಲೆ ಕಲ್ಲಿದ್ದಲ ಗಣಿಯಲ್ಲಿ ಕೂಲಿಮಾಡಿದನು. 1930ರಲ್ಲಿ ಬಡತನದಲ್ಲಿ ಸತ್ತಾಗ ಆತನ ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 1997ರಲ್ಲಿ ಇತರರು ಅದನ್ನು ನಿಲ್ಲಿಸಿದರು. ಬಹುಕಾಲದವರೆಗೆ ಈ ವಾರ್ಟನ್ನನೇ ಬ್ರಿಟನ್ನಿನ ಮೊದಲ ಕರಿಯ ಕಾಲ್ಚೆಂಡುಗಾರನೆಂದು ಬರೆಯುತ್ತಿದ್ದರು. ವಾಟ್ಸನ್ನನ ಹೆಸರು ಅಷ್ಟು ಮಾಸಿಹೋಗಿತ್ತು.

1887ರಲ್ಲಿ ವಾಟ್ಸನ್ನನು ಲಿವರ್‌ಪೂಲ್ ನಗರಕ್ಕೆ ಬಂದನು. ಅದೇ ವರ್ಷ ಪೂರ್ವ ದೇಶಗಳ ವ್ಯಾಪಾರ ಮಾಡುತ್ತಿದ್ದವನೊಬ್ಬನ ಮಗಳಾದ ಎಲೈಜಾ ಕೇಟ್ ಟೈಲರ್ ಎಂಬಾಕೆಯನ್ನು ಮದುವೆಯಾದನು. ಹೆನ್ರಿ, ಫಿಲ್ಲಿಸ್ ಎಂಬ ಇನ್ನೆರಡು ಮಕ್ಕಳಾದರು. ಬೂಟಲ್ ಎಂಬ ಸಂಘದಲ್ಲಿ ಆಡಿದನು. ಆ ಸಂಘವು ಕೆಲವು ಹೆಸರಾದ ಆಟಗಾರರಿಗೆ ಹಣ ಕೊಡುತ್ತಿತ್ತಾದ್ದರಿಂದ ವಾಟ್ಸನ್ನನೂ ಕೊನೆಯಲ್ಲಿ ಹಣ ಪಡೆದನೆಂದು ವಾದಿಸುವವರಿದ್ದಾರೆ. ಪಡೆದುದಕ್ಕೆ ಆಧಾರವನ್ನು ತೋರಿಸಿದವರಿಲ್ಲ. ಪಡೆದಿದ್ದರೂ ನಮ್ಮ ದೃಷ್ಟಿಯಲ್ಲಿ ಆತನ ಗೌರವಕ್ಕೆ ಕುಂದಿಲ್ಲ.

ಇಷ್ಟರಲ್ಲಿ ಆತನು ಮೂವತ್ತನ್ನು ದಾಟಿದ್ದನು. ಆಗ ಗ್ಲಾಸ್ಗೋವಿನಲ್ಲಿ ಬಿಟ್ಟುಹೋದ ಯಂತ್ರವಿದ್ಯೆಯು ನೆರವಿಗೆ ಬಂದಿತು. ಹಬೆಯ ಹಡಗುಗಳಲ್ಲಿ ಕೆಲಸಕ್ಕೆ ಸೇರಿ, ಪರೀಕ್ಷೆಗಳಿಗೆ ಕುಳಿತು ತೇರ್ಗಡೆಯಾಗಿ, ಹಡಗಿನ ಇಂಜಿನಿಯರನಾದನು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಲಿವರ್‌ಪೂಲ್ ಆತನ ಮನೆಯಾಗಿತ್ತು. ಓವಲ್ಲಿನಲ್ಲಿ ಸಾವಿರಾರು ಜನರ ನಡುವೆ ನಿಂತವನು ಹಡಗಿನ ತಳದಲ್ಲಿ, ಎಣ್ಣೆ ಬೆಂಕಿಗಳ ನಡುವೆ, ದುಡಿದು ಉಂಡನು. ತಂದೆಯ ಆಸ್ತಿಯ ಕಾಲವು ಮುಗಿದು ಸ್ವಂತ ದುಡಿಮೆಯ ಕಾಲವು ಬಂದಿತ್ತು. ಆಮೇಲೆ ನಿವೃತ್ತನಾಗಿ ಲಂಡನ್ನಿನ ಕ್ಯೂ ಎಂಬ ಭಾಗದಲ್ಲಿ ನೆಲಸಿ, 1921ನೆಯ ಇಸವಿ ಮಾರ್ಚಿ 8ನೆಯ ತಾರೀಖು ಶ್ವಾಸಕೋಶದ ಜ್ವರದಿಂದ ತೀರಿಕೊಂಡನು. ಓವಲ್ ಪಂದ್ಯಕ್ಕೆ ಅಂದಿಗೆ ನಾಲ್ಕು ದಿನ ಕಡಮೆಯಾಗಿ ನಲವತ್ತು ವರ್ಷ.

ಆತನನ್ನು ರಿಚ್ಮಂಡಿನ ಸ್ಮಶಾನದಲ್ಲಿ ಹುಗಿದರು. ಆದರೆ ಬಹುಕಾಲ ಇದು ಯಾರಿಗೂ ತಿಳಿಯದೆ, ಆತನು ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿಯೇ ಸತ್ತನೆಂಬ ಕಥೆಯು ಹಬ್ಬಿತ್ತು. ಹಳೆಯ ತಂಡಗಳ ಛಾಯಾಚಿತ್ರಗಳಲ್ಲಿ ಬಿಳಿಯರ ನಡುವೆ ನಿಂತ ಈ ಕರಿಯನು ಯಾರೆಂದು ಸ್ಕಾಟ್ಲೆಂಡಿನ ಕಾಲ್ಚೆಂಡಿನ ವಸ್ತುಸಂಗ್ರಹಾಲಯದವರು ಕೇಳತೊಡಗಿದ ಮೇಲೆ ಒಂದೊಂದೇ ದಾಖಲೆಯು ಹೊರಬಿದ್ದಿತು. ಚಿತ್ರಗಳು ಎಂದೂ ಬಚ್ಚಿಟ್ಟುವಲ್ಲ. ನೂರು ವರ್ಷ ಎಲ್ಲರೂ ನೋಡಿದ್ದರು, ಯಾರೂ ಕೇಳಿರಲಿಲ್ಲ. ತೀರಿಕೊಂಡ ನೂರು ವರ್ಷದ ಹೊತ್ತಿಗೆ ಅಭಿಮಾನಿಗಳು ಆತನ ಸಮಾಧಿಯನ್ನು ಜೀರ್ಣೋದ್ಧಾರ ಮಾಡಿದರು. ಆತನ ಕ್ವೀನ್ಸ್ ಪಾರ್ಕಾದರೋ, ಒಂದೂವರೆ ಶತಮಾನ ಕಾದುಕೊಂಡು ಬಂದ ವ್ರತವನ್ನು ಬಿಟ್ಟು, 2019ರ ನವೆಂಬರಿನಲ್ಲಿ ಆಟಗಾರರಿಗೆ ಹಣ ಕೊಡಬಹುದೆಂದು ಸದಸ್ಯರ ಮತದಿಂದ ನಿಶ್ಚಯಿಸಿತು.

ಸ್ಕಾಟ್ಲೆಂಡಿನ ತಂಡದಲ್ಲಿ ವಾಟ್ಸನ್ನನ ತರುವಾಯ ಕರಿಯನೊಬ್ಬನು ಆಡಿದುದು 2004ರಲ್ಲಿ, ನೈಜೆಲ್ ಕ್ವಾಷಿ ಎಂಬಾತನು. ಅವರಿಬ್ಬರ ನಡುವಿನ ನೂರಿಪ್ಪತ್ತೆರಡು ವರ್ಷಗಳಲ್ಲಿ ಬಿಳಿಯನಲ್ಲದ ಆಟಗಾರನೆಂದು ಹೆಸರಿಸುವುದು ಸೆಲ್ಟಿಕ್ ಸಂಘದ ಪಾಲ್ ವಿಲ್ಸನ್ ಒಬ್ಬನನ್ನು. 1975ರಲ್ಲಿ ಸ್ಪೇನಿನ ಮೇಲೆ ಒಂದೇ ಒಂದು ಪಂದ್ಯದಲ್ಲಿ ಆತನನ್ನು ಆಡಿಸಿದರು. ಆ ವಿಲ್ಸನ್ನನು ಹುಟ್ಟಿದುದು 1950ರಲ್ಲಿ, ನಮ್ಮ ಬೆಂಗಳೂರಿನಲ್ಲಿ.